ತಗೊಂಡೆ ಅಂದುಬಿಟ್ಟೆ

ಕಂತಿನ ಮೇಲೆ ಕೊಡಿಸುತ್ತೇನೆಂದಿದ್ದ ಬ್ಯಾಂಕಿನ ಮುತಸಿಮ್ ಬರುವಷ್ಟರಲ್ಲಿ, ಬುಶಾರಾ ಮಾರಲು ತಂದಿದ್ದ ಶೇಂಗಾ ಅರೆಯುವ ಯಂತ್ರವನ್ನು ನಾನು ಕತ್ತೆಗಾಡಿಗೆ ಏರಿಸಿಯಾಗಿತ್ತು. ನಮ್ಮೂರು ಉಮ್ ರುವಾಬಾದ ಸಂತೆಯಲ್ಲಿ ಇಂಥದ್ದು ದಿನಾ ಸಿಗುವುದಿಲ್ಲ. ಕಲ್ಲಿನಲ್ಲಿ ಅರೆದು ಅರೆದು ನನ್ನ ಭುಜ ಬಿದ್ದುಹೋಗಿದೆ. ಕೈಯಲ್ಲಿ ಅರೆದದ್ದು ಸಾಲುವುದಿಲ್ಲವೆಂದು ಅಂಗಡಿಯವರು ಒಬ್ಬೊಬ್ಬರಾಗಿ ಬಿಟ್ಟುಹೋಗುತ್ತಿದ್ದರು.

"ಸಿತ್ತನಾ ಚಿಕ್ಕಮ್ಮ, ಇದನ್ಯಾಕೆ ಗಾಡಿಗೆ ಹಾಕಿದ್ರಿ?"

"ತಗೊಂಡೆ, ಅದಕ್ಕೆ. ಬುಶಾರಾನೂ ಕೊಟ್ಟೆ ಅಂದ. ನೀನು ಅವನಿಗೆ ದುಡ್ಡು ಕೊಡು, ನಡಿ."

ಮುತಸಿಮ್ ಹಣೆ ಹಿಡಿದುಕೊಂಡ. "ತಗೋತೀನಿ ಅನ್ನಿ ಅಂತ ತಾನೆ ಹೇಳಿದ್ದು? ತಗೊಂಡೆ ಅಂದ್ರೆ ಇದು ನಿಮ್ಮದಾಯ್ತು. ನಿಮ್ಮದನ್ನೇ ನಿಮಗೆ ಹೇಗೆ ಮಾರಲಿ? ದುಡ್ಡು ಕೊಟ್ಟು ಜಾಸ್ತಿ ದುಡ್ಡು ತಗೊಂಡ್ರೆ ಬಡ್ಡಿಯಾಗುತ್ತೆ, ನಮ್ಮ ಧರ್ಮದಲ್ಲಿ ಅದು ನಿಷಿದ್ಧ. ಮೊದಲು ಬ್ಯಾಂಕು ಕೊಳ್ಳಬೇಕು, ಆಮೇಲೆ ಲಾಭ ಇಟ್ಟು ನಿಮಗೆ ಮಾರಬೇಕು."

"ಒಂದು ಮಾತಿಗೆ ಇಷ್ಟು ರಂಪಾನಾ?"

"ಆ ಮಾತೇ ವ್ಯಾಪಾರ, ಚಿಕ್ಕಮ್ಮ. ಇಳಿಸಿ. ವ್ಯಾಪಾರ ಮುರಿದೆವು ಅಂತ ಇಬ್ಬರೂ ಹೇಳಿ."

ಪಕ್ಕದಲ್ಲೇ ಕುಲ್ತೂಮ ಸೆರಗಿನ ದುಡ್ಡಿನ ಗಂಟು ಹಿಸುಕುತ್ತ ನಿಂತಿದ್ದಳು. ಅವಳೂ ಶೇಂಗಾ ಅರೆದು ಮಾರುವವಳೇ. ನಾನು ಮುರಿದೆ ಅಂದ ಕ್ಷಣ ಯಂತ್ರ ಬುಶಾರಾನದು. ಅವನು ಯಾರಿಗೆ ಬೇಕಾದರೂ ಮಾರಬಹುದು.

"ಬೇಗ ಮುರಿಯಕ್ಕಾ, ಬಿಸಿಲು ಏರ್ತಿದೆ," ಎಂದು ನಕ್ಕಳು.

"ಮೊದಲು ನಿನ್ನ ಹಲ್ಲು ಮುರೀತೀನಿ, ಆಮೇಲೆ ವ್ಯಾಪಾರ!"

ಯಂತ್ರ ಇಳಿಯಿತು. "ಮುರಿದೆ," ಅಂದೆ. ನಾಲಿಗೆ ಉರಿಯಿತು. "ಮುರಿದೆ," ಎಂದ ಬುಶಾರಾ.

"ಈಗ ಕೊಳ್ಳೋ!" ಎಂದು ಮುತಸಿಮ್‌ನ ಬೆನ್ನಿಗೆ ತಿವಿದೆ.

"ಒಂದ್ಸಲ ಓಡಿಸಿ ನೋಡ್ತೀನಿ. ಕೆಟ್ಟದ್ದನ್ನ ಬ್ಯಾಂಕು ನಿಮಗೆ ಮಾರೋ ಹಾಗಿಲ್ಲ."

"ಆಮೇಲೆ ನೋಡೋ, ಮೊದಲು ಮಾತು ಹೇಳೋ!"

ಅವನು ಆಗಲೇ ಮೋಟಾರು ಹಾಕಿ ಕಿವಿಯಿಟ್ಟು ಕೂತಿದ್ದ. ಆ ಗದ್ದಲದಲ್ಲಿ ನನ್ನ ಕೂಗು ನನಗೇ ಕೇಳಲಿಲ್ಲ. ಮೋಟಾರು ನಿಂತಾಗ ಕುಲ್ತೂಮಳ ಗಂಟು ಬುಶಾರಾನ ಕೈಯಲ್ಲಿತ್ತು.

"ತಗೊಂಡೆ," ಎಂದಳು, ಸಂತೆಗೆಲ್ಲ ಕೇಳುವ ಹಾಗೆ.

"ಯಂತ್ರ ಚೆನ್ನಾಗಿದೆ," ಎಂದ ಮುತಸಿಮ್, ಎದ್ದು ನಿಲ್ಲುತ್ತ. ಆಮೇಲೆ ನಮ್ಮ ಮುಖಗಳನ್ನು ನೋಡಿದ.

ಹೊಡೆಯಲು ಕೈ ಎತ್ತಿದ್ದೆ. ಅವನ ಮುಖ ಕಪ್ಪಿಟ್ಟಿತ್ತು, ಇಳಿಸಿದೆ.

"ಕೋಸ್ತಿ ಪೇಟೆಯಲ್ಲಿ ಒಬ್ಬರ ಹತ್ರ ಇಂಥದ್ದೇ ಇನ್ನೊಂದು ಯಂತ್ರ ಇದೆಯಂತೆ ಚಿಕ್ಕಮ್ಮ. ನಾಳೆ—"

"ನಾಳೆ ನಿಮ್ಮಪ್ಪನಿಗೆ! ಈಗಲೇ ಬಸ್ ಹತ್ತು."

"ಅಲ್ಲಿ ನೀವು ಬಾಯಿ ಬಿಡಬಾರದು."

"ಬಿಡಲ್ಲ. ನೀನು ಅಲ್ಲೂ ಕಿವಿಯಿಟ್ಟು ಕೂತರೆ ಮಾತ್ರ ನಿನ್ನನ್ನೇ ಮಾರಿ ಬರ್ತೀನಿ," ಎಂದು ಅವನ ತೋಳು ಹಿಡಿದು ಬಸ್ಸಿನ ಕಡೆ ಎಳೆದೆ.