ತೂಬಿನ ಕಲ್ಲಿನ ಒಂಬತ್ತನೆಯ ಸಾಲು

ಮೋಡದಲ್ಲಿ ನೀರಾಗಿ, ಕೆರೆಯಲ್ಲಿ ನೆಲೆಯಾಗಿ, ಕಲ್ಲಿನಲ್ಲಿ ಅಕ್ಷರವಾಗಿ, ಓದುವವರ ಕಣ್ಣಿನಲ್ಲಿ ಬೆಳಕಾಗಿ ನಿಂತ ಪರಶಿವನಿಗೆ ಶರಣು. ದುಡಿಯುವ ಕೈಯನ್ನೂ ಕಲಿಯುವ ಬುದ್ಧಿಯನ್ನೂ ಸಮನಾಗಿ ಕಾಣುವ ಆ ಕರುಣೆಯನ್ನು ನೆನೆದು ಕಥೆ ತೊಡಗಲಿ.

"ಇನ್ನೊಂದೀಟು ವಾರಿ ಮಾಡು ಬೇ," ಎಂದಳು ನೇತ್ರಾ. "ಬಿಸಿಲು ಕಲ್ಲಿನ ಮ್ಯಾಲ ಅಡ್ಡ ಬೀಳಬೇಕು, ನನ್ನ ಕಣ್ಣಾಗಲ್ಲ."

ಬೀರವ್ವ ಎರಡೂ ಕೈಗಳಿಂದ ಹಿಡಿದಿದ್ದ ಕನ್ನಡಿಯನ್ನು ಮೆಲ್ಲಗೆ ಓರೆ ಮಾಡಿದಳು. ಬೆಳಗಿನ ಬಿಸಿಲು ಕನ್ನಡಿಗೆ ಬಡಿದು, ಹಳೆಯ ತೂಬಿನ ಮಗ್ಗುಲಲ್ಲಿ ನಿಂತಿದ್ದ ಎದೆಯೆತ್ತರದ ಕಲ್ಲಿನ ಮೇಲೆ ಅಡ್ಡಲಾಗಿ ಹರಿಯಿತು. ಒಡನೆಯೇ ಬರಿಯ ಕಲ್ಲೆಂದು ತೋರುತ್ತಿದ್ದಲ್ಲಿ ಸಾಲುಸಾಲಾಗಿ ದುಂಡನೆಯ ಅಕ್ಷರಗಳು ನೆರಳು ಕಟ್ಟಿಕೊಂಡು ಎದ್ದು ನಿಂತವು. ನೇತ್ರಾ ಉಸಿರು ಹಿಡಿದು ನೋಡಿದಳು.

ಡೋಣಿಯಿಂದ ಆಚೆ, ಕಪ್ಪತ್ತಗುಡ್ಡದ ತಪ್ಪಲಿನ ಆ ಸಣ್ಣ ಕೆರೆಯ ಹೂಳು ತೆಗೆದು ಹೊಸ ತೂಬು ಕಟ್ಟುವ ಕೆಲಸ ನಡೆದಿತ್ತು. ನೇತ್ರಾ ಹಿರೇಹಂದಿಗೋಳದ ಒಕ್ಕಲು ಮನೆತನದ ಹುಡುಗಿ. ಸಿವಿಲ್ ಎಂಜಿನಿಯರಿಂಗ್ ಮುಗಿಸಿ ಗುತ್ತಿಗೆದಾರರ ಕಂಪನಿ ಸೇರಿ ಹದಿನಾಲ್ಕು ತಿಂಗಳಾಗಿತ್ತು. ತೂಬಿನ ಹೊಸ ಗೋಡೆ ಸರಿಯಾಗಿ ಈ ಕಲ್ಲು ನಿಂತಲ್ಲಿಗೇ ಬರುತ್ತಿತ್ತು. ನಕ್ಷೆಯಲ್ಲಿ ಅಲ್ಲೊಂದು ಚಿಕ್ಕ ಚೌಕ, ಅದರ ಪಕ್ಕದಲ್ಲಿ 'ಕಲ್ಲು, ಸರಿಸುವುದು' ಎಂಬ ಎರಡೇ ಮಾತು. ಊರವರಿಗೆ ಅದು ತೂಬಿನವ್ವ. ತಲೆಮಾರುಗಳ ಎಣ್ಣೆ, ಅರಿಶಿನಗಳು ಅದರ ಮೈಮೇಲೆ ಬೆರಳು ದಪ್ಪ ಕೂತಿದ್ದವು. ಎರಡು ವಾರದ ಹಿಂದೆ ಅಳತೆ ಹಿಡಿಯುವಾಗ ನೇತ್ರಾಳ ಉಗುರು ಆ ಅರಿಶಿನದ ಅಡಿಯ ಒಂದು ಗೆರೆಗೆ ಸಿಕ್ಕಿತು. ಉಗುರು ತಾನಾಗಿಯೇ ಬಳುಕಿ ಒಂದು ಸುತ್ತು ಸುತ್ತಿ ಬಂತು. ಅದು ಅಕ್ಷರವೆಂದು ತಿಳಿದ ಮೇಲೆ, ಅದು ಏನು ಹೇಳುತ್ತದೆಂದು ಅರಿಯದೆ ಸರಿಸಲು ಅವಳಿಗೆ ಮನಸ್ಸು ಬರಲಿಲ್ಲ.

ಆದ್ದರಿಂದಲೇ ಇಂದು ಮುಂಡರಗಿಯಿಂದ ದೇವೇಂದ್ರಪ್ಪ ಮಾಸ್ತರರು ಬಂದಿದ್ದರು. ಕನ್ನಡ ಕಲಿಸಿ ನಿವೃತ್ತರಾದವರು. ಹೊಲದ ಬದುಗಳಲ್ಲಿ ಬಿದ್ದ ಶಾಸನಗಳನ್ನು ಓದುತ್ತ ನಲವತ್ತು ವರ್ಷ ಕಳೆದವರು. ಚೀಲದಿಂದ ಸೀಗೆಪುಡಿ, ತೆಂಗಿನ ನಾರಿನ ಬ್ರಷ್ಷು, ಜೋಳದ ಹಿಟ್ಟಿನ ಗಂಟು, ಒಂದು ನೋಟ್‌ಬುಕ್ಕು ತೆಗೆದು ಸಾಲಾಗಿ ಇಟ್ಟುಕೊಂಡಿದ್ದರು. ಕಲ್ಲಿಗೆ ಕೈಮುಗಿದು, ಬಿಸಿನೀರಿನಲ್ಲಿ ತಾಸೊತ್ತು ತೊಳೆದಿದ್ದರು. ಈಗ ಹಿಟ್ಟನ್ನು ಅಂಗೈಯಿಂದ ಮೆಲ್ಲಗೆ ತಿಕ್ಕಿದರು. ಹಿಟ್ಟು ಗೆರೆಗಳಲ್ಲಿ ಕೂತು ಅಕ್ಷರಗಳು ಬೆಳ್ಳಗಾದವು.

"ನಿಧಿ ಎಲ್ಲೈತಂತ ಬರದಾರೇನ್ರಿ ಮಾಸ್ತರ?" ಎಂದಳು ಬೀರವ್ವ. ಅವಳು ಅದೇ ಕೆಲಸದಲ್ಲಿ ಬುಟ್ಟಿ ಹೊರುವ ಕೂಲಿಯಾಳು. ಪ್ರತಿ ಅಮಾವಾಸ್ಯೆಗೆ ಈ ಕಲ್ಲಿಗೆ ಎಣ್ಣೆಯೆರೆಯುವವಳೂ ಅವಳೇ. "ನಮ್ಮತ್ತಿ ಹೇಳ್ತಿದ್ಲು, ಏಳು ಕೊಪ್ಪರಿಗಿ ಬಂಗಾರ ಐತಿ ಇದರ ಬುಡಕ್ಕ ಅಂತ."

"ತಡಿ ಬೇ. ಮೊದಲಿನ ಐದು ಸಾಲು ಬರೇ ಅರಸನ ಬಿರುದು ಅದಾವ. ಬಂಗಾರ ಇದ್ರ ಮುಂದ ಇರಬೇಕು."

ನೇತ್ರಾ ನಕ್ಕಳು. ಆದರೆ ಅವಳ ಕಣ್ಣು ನಡುನಡುವೆ ತಗಡಿನ ಶೆಡ್ಡಿನ ಕಡೆ ಹೊರಳುತ್ತಿತ್ತು. ಅಲ್ಲಿ ಸಿಮೆಂಟಿನ ಚೀಲದ ಮೇಲೆ ನಿನ್ನೆ ಸಂಜೆಯಿಂದ ಒಂದು ಹಾಜರಿ-ಪಗಾರದ ವಹಿ ತೆರೆದೇ ಬಿದ್ದಿತ್ತು, ನಡುವೆ ಪೆನ್ನು ಸಿಕ್ಕಿಸಿಕೊಂಡು. ಅದರಲ್ಲಿ ನೇತ್ರಾಳ ಹೆಸರಿನ ಮುಂದೆ ಇಪ್ಪತ್ತೆರಡು ಸಾವಿರ ಎಂದು ಅಚ್ಚುಕಟ್ಟಾಗಿ ಬರೆದಿತ್ತು. ತಿಂಗಳಿಗೊಮ್ಮೆ ಲಕೋಟೆಯಲ್ಲಿ ಅವಳ ಕೈಗೆ ಬರುತ್ತಿದ್ದುದು ಹತ್ತು ಸಾವಿರ. ನಾಳೆ ಕಾರ್ಮಿಕ ಇಲಾಖೆಯ ಅಧಿಕಾರಿ ತಪಾಸಣೆಗೆ ಬರುವವರಿದ್ದರು. ಹನ್ನೊಂದು ಗಂಟೆಗೆ ಕೊಟ್ರೇಶ ಬಂದು ವಹಿಯನ್ನು ಒಯ್ಯುವಷ್ಟರಲ್ಲಿ ಅವಳ ಸಹಿ ಅದರಲ್ಲಿ ಇರಬೇಕಿತ್ತು.

ಕೊಟ್ರೇಶ ಈ ಕೆಲಸದ ಮ್ಯಾನೇಜರು. ಸಹಿಗೆ ಪ್ರತಿಯಾಗಿ ಅವನೊಂದು ಮಾತು ಕೊಟ್ಟಿದ್ದ. ಕೆಲಸಕ್ಕೆ ಸೇರಿದ ದಿನವೇ ಕಂಪನಿ ಅವಳ ಅಂಕಪಟ್ಟಿಗಳ ಮೂಲಪ್ರತಿಗಳನ್ನು ಪಡೆದು ಗದಗದ ಆಫೀಸಿನ ಬೀರುವಿನಲ್ಲಿಟ್ಟು ಕೀಲಿ ಹಾಕಿತ್ತು. ಮೂರು ವರ್ಷ ಬಿಟ್ಟುಹೋಗಕೂಡದೆಂಬುದು ಕರಾರು. ಈಗ ಅವಳು ಬರೆದಿದ್ದ ಸರಕಾರಿ ಪರೀಕ್ಷೆಯ ಪಟ್ಟಿಯಲ್ಲಿ ಹೆಸರು ಬಂದಿತ್ತು. ಬರುವ ಸೋಮವಾರ ಧಾರವಾಡದಲ್ಲಿ ಮೂಲಪ್ರತಿಗಳನ್ನು ತೋರಿಸಬೇಕು. "ಸಹಿ ಮಾಡು, ಮಾಲಕರಿಗೆ ಹೇಳಿ ಬೀರು ತಗಸ್ತೀನಿ. ಕೀಲಿ ಅವರ ಹತ್ರ ಇರ್ತೈತಿ," ಎಂದಿದ್ದ ಕೊಟ್ರೇಶ.

"ಬಂತು ನೋಡ್ರಿ," ಎಂದರು ಮಾಸ್ತರರು. ಅವರ ದನಿಯಲ್ಲಿ ಎಳೆಯರ ಸಡಗರವಿತ್ತು. ಬೆರಳನ್ನು ಕಲ್ಲಿಗೆ ಮುಟ್ಟಿಸದೆ ಕೂದಲೆಳೆಯಷ್ಟು ದೂರದಲ್ಲಿ ಸರಿಸುತ್ತ ಓದಿದರು: "ಕಲ್ಕುಟಿಗಂಗೆ ಮತ್ತರೆರಡು. ಹೂಳಂ ತೆಗೆವ ಬಂಡಿಯವಂಗೆ ಮತ್ತರೊಂದು. ತೂಂಬಂ ಕಾವಂಗೆ ಮತ್ತರೊಂದು."

"ಅಂದ್ರೇನ್ರಿ ಸರ್?"

"ಮತ್ತರು ಅಂದ್ರ ಹೊಲದ ಅಳತಿ. ಕಲ್ಲು ಕೆತ್ತಾವಗ ಇಷ್ಟು ಹೊಲ, ಹೂಳು ಹೊರಾವಗ ಇಷ್ಟು, ತೂಬು ಕಾಯಾವಗ ಇಷ್ಟು. ಬೀರವ್ವಾ, ನಿಧಿ ಅಲ್ಲ ಬೇ. ಪಗಾರ ಬರದಾರ."

ಬೀರವ್ವನ ಕನ್ನಡಿ ಅಲುಗಿತು. ಬೆಳಕು ಒಮ್ಮೆ ಕೆರೆಯ ಏರಿಗೆ ಹಾರಿ ಮರಳಿ ಬಂತು. "ಪಗಾರನ ಕಲ್ಲಿನ ಮ್ಯಾಲ ಯಾಕ ಬರದಾರ್ರಿ?"

"ಆಮ್ಯಾಲ ಕೊಟ್ಟಿಲ್ಲ, ತಗೊಂಡಿಲ್ಲ ಅನಬಾರದಲ್ಲ, ಅದಕ್ಕ."

"ಹಂಗಾದ್ರ ನಾ ಇಷ್ಟು ವರ್ಷ ಪಗಾರದ ಪಟ್ಟಿಗೆ ಎಣ್ಣಿ ಹಚ್ಚೇನಿ ಅನ್ರಿ," ಎಂದು ಬೀರವ್ವ ತನ್ನಷ್ಟಕ್ಕೆ ನಕ್ಕಳು. ಆಮೇಲೆ ನೇತ್ರಾಳತ್ತ ತಿರುಗಿ, "ಅಲ್ಲವ್ವಾ ಎಂಜಿನೀರವ್ವ, ಹೊರಾವಗ ಎಷ್ಟು, ಕಾಯಾವಗ ಎಷ್ಟು ಅಂತ ಕಲ್ಲ ಹೇಳತೈತಿ. ನಿನ್ನ ಪಗಾರ ಕೇಳಿದ್ರ ನೀ ಇವತ್ತಿನತನ ಬಾಯಿ ಬಿಟ್ಟಿಲ್ಲ ನೋಡು," ಎಂದಳು.

"ಅದಿರಲಿ ಬಿಡು ಬೇ. ಮುಂದಿನ ಸಾಲು ಏನೈತ್ರಿ ಸರ್?"

ಒಂಬತ್ತನೆಯ ಸಾಲಿಗೆ ಮಾಸ್ತರರು ಇನ್ನಷ್ಟು ಹಿಟ್ಟು ತಿಕ್ಕಿದರು. ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು. "ಕೆಲಸಮಂ ಕಲ್ವಂಗೆ," ಎಂದು ಓದಿ ನಿಂತರು. "ಕೆಲಸಾ ಕಲಿಯಾವಗ. ಇಂಥಾದ್ದನ್ನ ನಾ ಎಲ್ಲೂ ಕಂಡಿದ್ದಿಲ್ಲವಾ ನೇತ್ರಾ. ಕಲಿಯೋ ಹುಡುಗರಿಗೂ ಬ್ಯಾರೆ ಪಾಲು ಇಟ್ಟಾರ."

ನೇತ್ರಾ ಮಂಡಿಯೂರಿ ಕುಳಿತಳು. ಹದಿನಾಲ್ಕು ತಿಂಗಳಿಂದ ಕಂಪನಿಯ ಬಾಯಲ್ಲಿ ಅವಳ ಹೆಸರು ಟ್ರೇನಿ ಎಂದೇ ಇತ್ತು. ರವಿವಾರವೂ ಬರಬೇಕು, ಏಕೆಂದರೆ ಕಲಿಯುವವರಿಗೆ ರಜೆಯಿಲ್ಲ; ನೇಮಕದ ಪತ್ರ ಕೇಳಬಾರದು, ಏಕೆಂದರೆ ಕಲಿಯುವವರು ನೌಕರರಲ್ಲ. ಕಾಂಕ್ರೀಟು ಬಿರಿದರೆ ಮಾತ್ರ ಅವಳು ಎಂಜಿನಿಯರು.

"ಎಷ್ಟು ಕೊಟ್ಟಾರ್ರಿ ಸರ್?"

"ಮತ್ತರ್... ಅಷ್ಟ ಕಾಣತೈತಿ." ಆ ಮಾತಿನ ಮುಂದೆ ಕಲ್ಲಿನ ಅಂಚಿನಲ್ಲಿ ಅಂಗೈಯಗಲದ ಒಂದು ನುಣುಪಾದ ಕುಳಿಯಿತ್ತು. ಹಿಟ್ಟು ಅಲ್ಲಿ ನಿಲ್ಲದೆ ಜಾರಿತು. ಬೀರವ್ವ ಕನ್ನಡಿ ಕೆಳಗಿಟ್ಟು ಹತ್ತಿರ ಬಂದಳು, ನೋಡಿದಳು, ಸೆರಗು ಬಾಯಿಗೆ ಹಿಡಿದಳು.

"ಅದು ನಾವು ಕುಡಗೋಲು ಮಸಿಯೋ ಜಾಗಾರಿ. ನಮ್ಮತ್ತಿ ಮಸೀತಿದ್ಲು, ಅಕಿ ಅತ್ತಿನೂ ಮಸೀತಿದ್ಲಂತ. ಸುಗ್ಗಿ ಬಂತಂದ್ರ ನಾನೂ ಅಲ್ಲೇ. ಯಾರ ಮಕ್ಕಳ ಪಾಲು ಮಸದ ಹಾಕಿದ್ವೋ ಏನೋ."

"ನೀವು ತಿಳದ ಮಾಡಿಲ್ಲಲ್ಲ ಬೇ," ಎಂದಳು ನೇತ್ರಾ. ಆದರೆ ಅವಳ ಕುತೂಹಲ ಅಡಗಲಿಲ್ಲ. "ಸರ್, ಅಂದಾಜು ಹೇಳ್ರಿ. ಒಂದು ಮತ್ತರ? ಅರ್ಧಾ?"

ಮಾಸ್ತರರು ನೋಟ್‌ಬುಕ್ಕಿನಲ್ಲಿ ಸಾಲನ್ನು ನಕಲಿಸಿಕೊಂಡರು. ಕುಳಿಯ ಜಾಗ ಬಂದಾಗ ನಾಲ್ಕು ಚುಕ್ಕಿ ಇಟ್ಟು ಕೈ ನಿಲ್ಲಿಸಿದರು.

"ಅರ್ಧಾ ಅಂತ ಬರದ್ರ ಸಾಲು ಛಂದ ತುಂಬತೈತಿ. ಓದಾವರಿಗೂ ಸಮಾಧಾನ. ಆದ್ರ ಅಲ್ಲಿ ಇಲ್ಲದ್ದನ್ನ ನಾ ಹೆಂಗ ಬರೀಲಿ? ನಾಳೆ ನನ್ನ ನೋಟ್‌ಬುಕ್ಕ ನೋಡಿ ಮತ್ತೊಬ್ರು ಅದನ್ನ ಖರೆ ಅಂತಾರ." ಅವರು ಚುಕ್ಕಿಗಳನ್ನೇ ಒಂದು ಕ್ಷಣ ನೋಡಿದರು. "ಗೊತ್ತಿಲ್ಲ ಅಂತ ಬರಿಯಾಕ ನಾಚಿಕಿ ಬ್ಯಾಡ."

ನೇತ್ರಾ ಎದ್ದಳು. ಶೆಡ್ಡಿನೊಳಗೆ ಹೋಗಿ ವಹಿಯ ಮುಂದೆ ನಿಂತಳು. ಸೋಮವಾರಕ್ಕೆ ಐದು ದಿನವಿತ್ತು. ಪಟ್ಟಿಯಲ್ಲಿ ಹೆಸರು ಬಂದ ದಿನ ಅಪ್ಪ ಪಂಚಾಯಿತಿ ಕಟ್ಟೆಯ ಮೇಲೆ ಕೂತವರಿಗೆಲ್ಲ ಪೇಢೆ ಹಂಚಿದ್ದು ನೆನಪಾಯಿತು. ಪೆನ್ನನ್ನು ಎತ್ತಿಕೊಂಡಳು. ಅಚ್ಚುಕಟ್ಟಾದ ಇಪ್ಪತ್ತೆರಡು ಸಾವಿರವನ್ನು ಅವಳು ಹೊಡೆದುಹಾಕಲಿಲ್ಲ. ಸಹಿಯ ಮನೆಯೊಳಗೆ ಸಣ್ಣ ಅಕ್ಷರಗಳಲ್ಲಿ, 'ಕೈಗೆ ಬಂದದ್ದು ಹತ್ತು ಸಾವಿರ. ವಾರದ ರಜೆ ಇಲ್ಲ' ಎಂದು ಬರೆದು, ಅದರ ಕೆಳಗೆ ತನ್ನ ಪೂರ್ಣ ಹೆಸರನ್ನು ಬರೆದಳು.

ಹೊರಗೆ ಬೈಕು ನಿಂತ ಸದ್ದಾಯಿತು. ಕೊಟ್ರೇಶ ಹೆಲ್ಮೆಟ್ಟು ತೆಗೆಯುತ್ತಲೇ ಒಳಬಂದು ವಹಿ ಎತ್ತಿಕೊಂಡ. ಓದಿದ. ಬಾಗಿಲ ಬೆಳಕಿಗೆ ಹಿಡಿದು ಮತ್ತೊಮ್ಮೆ, ಈ ಸಲ ಗಟ್ಟಿಯಾಗಿ, ಓದಿದ.

"ಏನಿದು ನೇತ್ರಾ?"

"ಸಹಿ ಮಾಡೇನ್ರಿ ಸರ್."

"ಸಹಿ ಮ್ಯಾಲೇನು ಬರದಿ ಅಂತ ಕೇಳಾಕತ್ತೇನಿ."

"ಬಂದದ್ದನ್ನ ಬರದೇನ್ರಿ."

"ಮಾಲಕರ ಕಣ್ಣಿಗೆ ಬಿದ್ರ ಏನಾಗತೈತಿ ಗೊತ್ತಿಲ್ಲೇನು? ಮಾರ್ಕ್ಸ್ ಕಾರ್ಡ್ ಬ್ಯಾಡೇನು ನಿನಗ?"

"ಬೇಕ್ರಿ. ಅವು ನನ್ನವ. ಬೇಕಾದ್ರ ನಾಳೆ ಸಾಹೇಬ್ರು ಬಂದಾಗ ಅವರ ಮುಂದನ ಕೇಳ್ತೀನಿ."

ಬಾಗಿಲಲ್ಲಿ ಬೀರವ್ವ ನಿಂತಿದ್ದಳು. "ಹತ್ತು ಸಾವಿರ ಏನವ್ವಾ?" ಎಂದಳು ಮೆಲ್ಲಗೆ. "ರವಿವಾರ ಹಿಡದು? ಅಯ್ಯ ನನ್ನ ತಾಯಿ. ದಿನಕ್ಕ ನಿನಕಿಂತ ನನ್ನ ಕೂಲೀನ ಮ್ಯಾಲ ಆತಲ್ಲ. ನಾ ಮತ್ತ ದಿನಾ ನಿನ್ನ ಕಡಿಂದ ಚಾ ಕುಡದೇನಿ."

ಕೊಟ್ರೇಶನ ತುಟಿಯಂಚು ನಗುವಿಗೆಂದು ಸಡಿಲಾಗಿ ಅಲ್ಲಿಯೇ ನಿಂತಿತು. ಅವನು ವಹಿಯನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಹೊರಗೆ ನಡೆದ. ಬೈಕಿನತ್ತ ಹೋಗುವವನು ಕಲ್ಲಿನ ಬಳಿ ನಿಂತ. "ಓದಿದ್ರೇನ್ರಿ ಮಾಸ್ತರ? ಇನ್ನರ್ಧಾ ತಾಸಿಗೆ ಕಲ್ಲು ಸರಸಾಕ ಜೆಸಿಬಿ ಬರತೈತಿ."

ಮಾಸ್ತರರು ಮೊದಲಿನಿಂದ ಓದಿ ಹೇಳಿದರು. ಕೆತ್ತುವವನಿಗೆ, ಹೊರುವವನಿಗೆ, ಕಾಯುವವನಿಗೆ. ಒಂಬತ್ತನೆಯ ಸಾಲಿಗೆ ಬಂದಾಗ ಕೊಟ್ರೇಶ ಕುಕ್ಕರುಗಾಲಲ್ಲಿ ಕುಳಿತ.

"ಕಲಿಯಾವಗ ಎಷ್ಟಂತ್ರಿ?"

"ಅದ ತಿಳಿವಲ್ದು. ಅಲ್ಲಿ ಕಲ್ಲು ಸವದೈತಿ."

"ಯಾವ ರೀತಿಂದನೂ ತಿಳಿಯಂಗಿಲ್ಲೇನ್ರಿ?"

"ಇಲ್ಲಪಾ. ಇತ್ತು ಅನ್ನೋದಷ್ಟ ಖರೆ."

ಕೊಟ್ರೇಶ ಹೆಬ್ಬೆರಳನ್ನು ಆ ಕುಳಿಯಲ್ಲಿಟ್ಟು ಒಮ್ಮೆ ಹಿಂದೆ, ಒಮ್ಮೆ ಮುಂದೆ ಸವರಿದ. "ನಾ ಮೂರು ವರ್ಷ ಟ್ರೇನಿ ಇದ್ದೆ," ಎಂದ, ಯಾರಿಗೆಂದು ತಿಳಿಯದಂತೆ. "ಲಕ್ಷ್ಮೇಶ್ವರದ ಕಡೆ, ರಸ್ತೆ ಕೆಲಸದಾಗ. ನಾಲ್ಕೂವರಿ ಸಾವಿರ." ಎದ್ದು ಮೊಣಕಾಲಿನ ಮಣ್ಣು ಕೊಡವಿಕೊಂಡ. ಬೈಕಿನವರೆಗೆ ಹೋಗಿ, ತಿರುಗದೆಯೇ, "ನೇತ್ರಾ," ಎಂದ. "ಆ ಬೀರುದ ಕೀಲಿ ಮಾಲಕರ ಹತ್ರ ಇಲ್ಲ. ನನ್ನ ಹತ್ರನ ಐತಿ."

ಬೈಕು ಏರಿಯ ಮೇಲೆ ಧೂಳೆಬ್ಬಿಸಿ, ಆ ಬೀರು ಇದ್ದ ಗದಗದ ದಾರಿ ಹಿಡಿಯಿತು. ಮಾಸ್ತರರು ಚೀಲ ಕಟ್ಟತೊಡಗಿದರು. ಹಿಟ್ಟನ್ನು ತೊಳೆಯಲೆಂದು ತಂಬಿಗೆ ಎತ್ತಿದ ಬೀರವ್ವ ಹಾಗೆಯೇ ನಿಂತಳು. ನೇತ್ರಾಳೂ ಬಂದು ಬಗ್ಗಿ ನೋಡಿದಳು. ಕಲ್ಲಿನ ಬುಡದಿಂದ ಕೆಂಪಿರುವೆಗಳು ಮೇಲೇರಿ ಬಂದು, ಅಕ್ಷರಗಳ ಗೆರೆ ಹಿಡಿದೇ ಸುತ್ತಿ ಬಳಸಿ ನಡೆಯುತ್ತ ಹಿಟ್ಟನ್ನು ಹೊರುತ್ತಿದ್ದವು. ಒಂಬತ್ತನೆಯ ಸಾಲಿನ ಕೊನೆಯವರೆಗೂ ಆ ಸಾಲು ತಪ್ಪಲಿಲ್ಲ. ಅಲ್ಲಿ, ನುಣುಪಾದ ಕುಳಿಯ ಅಂಚಿನಲ್ಲಿ, ಮುಂದಿನ ಇರುವೆಯೊಂದು ನಿಂತು ಮೀಸೆಯಾಡಿಸುತ್ತಿತ್ತು.

ಈ ಕಥೆಯನ್ನು ಕೇಳಿದವರ ಕೆರೆ ತುಂಬಿರಲಿ. ದುಡಿದವರ ಪಾಲು ಅವರ ಕೈ ಸೇರಲಿ. ಕಲಿಯುವವರಿಗೆ ವಿದ್ಯೆಯೂ ಅನ್ನವೂ ಒಟ್ಟಿಗೆ ಒದಗಲಿ. ಓದಿದವರಿಗೂ, ಓದಿಸಿ ಕೇಳಿದವರಿಗೂ ಮಂಗಳವಾಗಲಿ.