ಮೂರನೇ ಬೆಟ್ಟದ ಮೆಟ್ಟಿಲು

"ಬಸ್ಸಲ್ಲಿ ಕೂಗ್ತೀಯಲ್ಲ, ಹಾಗೇ ಕೂಗು. ಅಷ್ಟು ಸಾಕು ನಂಗೆ," ಎಂದಿದ್ದ ಅಪ್ಪ.

ಮಗಳು ಬಸ್ ಕಂಡಕ್ಟರು. ಮುಂದೆ ಅವಳು, ಅವಳ ಬ್ಯಾಗಿನ ಪಟ್ಟಿ ಹಿಡಿದು ಹಿಂದೆ ಅಪ್ಪ. ದಾರಿ ನೆಟ್ಟಗಿದ್ದರೆ 'ರೈಟ್', ಕೆಟ್ಟಿದ್ದರೆ 'ಹೋಲ್ಡಾನ್'. ಅವನ ಎಡಗಣ್ಣು ಆಗಲೇ ಹೋಗಿತ್ತು. ಬಲಗಣ್ಣಿಗೆ ಬೆಳಕು, ನೆರಳು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಅದೂ ಹೆಚ್ಚು ದಿನ ಉಳಿಯದು ಎಂದು ಡಾಕ್ಟರು ಹೇಳಿದ್ದರು. ಅಷ್ಟರೊಳಗೆ ಒಮ್ಮೆ ಊರಾಚೆಯ ನಾಲ್ಕೂ ಬೆಟ್ಟಗಳನ್ನು ಒಂದೇ ದಿನದಲ್ಲಿ ದಾಟಬೇಕೆಂದು ಹಟ ಹಿಡಿದಿದ್ದ. ಬೆಟ್ಟಗಳ ಈ ದಾರಿಗೆ ಕಲ್ಲು ಹೊತ್ತ ಕೂಲಿ ಗ್ಯಾಂಗಿನಲ್ಲೇ ಅವನ ಯೌವನವೆಲ್ಲ ಕಳೆದಿತ್ತು.

ಮೊದಲನೆಯದು ಸಲೀಸಾಯಿತು. ಎರಡನೆಯದರ ನೆತ್ತಿಯಲ್ಲಿ ಬಂಡೆ ಪಾಚಿಗಟ್ಟಿತ್ತು.

"ಹೋಲ್ಡಾನ್! ಜಾರತ್ತೆ. ಕೂತ್ಕೊಂಡು ಇಳಿ."

"ಫುಟ್‌ಬೋರ್ಡಲ್ಲಿ ನಿಂತವರನ್ನ ಬೈಯೋ ಹಾಗೆ ಬೈತೀಯಲ್ಲೇ!"

"ಟಿಕೆಟ್ ಇಲ್ದೆ ಹತ್ತಿದವರಿಗೆ ಇಷ್ಟೇ ಮರ್ಯಾದೆ."

ಅವನು ನಗುತ್ತ ತೆವಳಿದ. ದಾರಿಯುದ್ದಕ್ಕೂ ಅವನದು ಒಂದೇ ಪುರಾಣ: ಮೂರನೇ ಬೆಟ್ಟದ ಇಳಿಜಾರಿನ ಮೆಟ್ಟಿಲು. "ಒಂದೊಂದನ್ನೂ ನಾನೇ ಕೂರಿಸಿದ್ದು. ಆನೆ ನಡೆದ್ರೂ ಅಲ್ಲಾಡಲ್ಲ, ನೋಡ್ತಿರು."

ಮೂರನೇ ಬೆಟ್ಟ ಹತ್ತಿ ಅವಳು ಆಚೆ ಬಗ್ಗಿ ನೋಡಿದಳು. ಮೇಲಿನ ಎರಡು ಮೆಟ್ಟಿಲು ಉಳಿದಿದ್ದವು. ಕೆಳಗೆಲ್ಲ ಮಳೆನೀರು ಕೊರೆದ ಕೊರಕಲು. ಮಗುಚಿಬಿದ್ದ ಕಲ್ಲು, ಸಡಿಲ ಮಣ್ಣು.

"ಹೇಗಿವೆಯೇ?" ಅಪ್ಪ ಕುತ್ತಿಗೆ ಚಾಚಿ ನಿಂತಿದ್ದ, ಮಗುವಿನ ಪರೀಕ್ಷೆಯ ಫಲಿತಾಂಶ ಕೇಳುವವನ ಹಾಗೆ.

ಪಕ್ಕದ ಹುಲ್ಲಿನ ಮೇಲೆ ಕೈಹಿಡಿದು ಇಳಿಸಿದರಾಯಿತು, ಗೊತ್ತೇ ಆಗುವುದಿಲ್ಲ ಅಂದುಕೊಂಡಳು.

"ಹಾಗೇ ಇವೆಯಪ್ಪ. ರೈಟ್."

ಅವನು ಪಟ್ಟಿ ಬಿಟ್ಟುಬಿಟ್ಟ. ತನ್ನದೇ ಮೆಟ್ಟಿಲು, ಇನ್ಯಾರ ಆಸರೆ ಬೇಕು? ಅವಳು ಕೈಚಾಚುವಷ್ಟರಲ್ಲಿ ಅವಳನ್ನು ದಾಟಿ ಎರಡು ಮೆಟ್ಟಿಲು ಸರಸರನೆ ಇಳಿದ. ಮುಂದಿನ ಹೆಜ್ಜೆಗೆ ಅಡಿಯಲ್ಲಿ ಏನೂ ಇರಲಿಲ್ಲ.

ಬೂಟು ಬಿಚ್ಚುವಷ್ಟರಲ್ಲಿ ಕಾಲಿನ ಗಿಣ್ಣು ಊದಿತ್ತು. ಅವನು ಸುತ್ತ ಕೈಯಾಡಿಸಿ, ಮಗುಚಿದ ಕಲ್ಲೊಂದರ ಅಂಚನ್ನು ಬಹಳ ಹೊತ್ತು ತಡವಿದ.

"ಹೋಲ್ಡಾನ್ ಅನ್ನೋಕೆ ಏನಾಗಿತ್ತೇ ನಿಂಗೆ?"

"ನಿನ್ನ ಮನಸ್ಸಿಗೆ ನೋವಾಗತ್ತೆ ಅಂತ…"

"ಮನಸ್ಸಿಗಾಗಿದ್ರೆ ಹೇಗೋ ನಡ್ಕೊಂಡು ಹೋಗ್ತಿದ್ದೆ. ಕಾಲಿಗಾಯ್ತಲ್ಲ ತಾಯಿ."

ಅವಳು ಸದ್ದಿಲ್ಲದೆ ಅತ್ತಳು. ಎದುರಿಗೇ ನಾಲ್ಕನೇ ಬೆಟ್ಟ.

"ಅದರ ದಾರಿ ಹೇಗಿದೆ?" ಅವನು ಕೇಳಿದ.

ಅವಳು ಕಣ್ಣೊರೆಸಿಕೊಂಡು ನೋಡಿದಳು. "ಚೆನ್ನಾಗಿದೆಯಪ್ಪ. ಬಿಸಿಲು ಬಿದ್ದು ಒಣಗಿದೆ. ತುದಿಯವರೆಗೂ ಮೆಟ್ಟಿಲು ಕಾಣ್ತಿವೆ."

ಅವನು ಮಗುಚಿದ ಕಲ್ಲನ್ನೇ ಮತ್ತೆ ತಡವಿದ.

"ದೇವರಾಣೆ ಅಪ್ಪ. ನಿಜ."

"ಇರಲಿ ಬಿಡು," ಎಂದ.

ಪಕ್ಕದಲ್ಲಿ ಊರಿನ ರಸ್ತೆಗಿಳಿಯುವ ಕಾಲುದಾರಿಯಿತ್ತು. ಅವಳು ಒಂದು ಕೋಲು ಮುರಿದುಕೊಟ್ಟು, ಹೆಗಲು ಕೊಟ್ಟಳು. ಒಂದು ಕಲ್ಲನ್ನೂ ಬಿಡದೆ ಕೂಗಿದಳು. ಅವಳ 'ಹೋಲ್ಡಾನ್'ಗೆ ಅವನು ತಕ್ಷಣ ನಿಲ್ಲುತ್ತಿದ್ದ. 'ರೈಟ್' ಎಂದಾಗ ಮಾತ್ರ, ಮೊದಲು ಕೋಲಿನಿಂದ ಮುಂದಿನ ನೆಲವನ್ನು ಎರಡೆರಡು ಸಲ ಕುಟ್ಟಿ ನೋಡುತ್ತಿದ್ದ.