ನನ್ನೊಳಗೆ ಏನು ಸುರಿದಿರಿ?

ನಾನು ಒಂದು ಒಳಲೆ. ಅಂಗೈಯಲ್ಲಿ ಕೂರುವಷ್ಟು ಪುಟ್ಟ ಕಂಚಿನ ಬಟ್ಟಲು, ಒಂದು ಬದಿಗೆ ಉದ್ದನೆಯ ಮೂತಿ. ಹಸುಗೂಸುಗಳ ಬಾಯಿಗೆ ಹಾಲು, ಮದ್ದು ಹನಿಸುವುದು ನನ್ನ ಕೆಲಸ. ನಾಗಮಂಗಲದ ಎರಕದ ಮನೆಯಲ್ಲಿ ಹುಟ್ಟಿದೆ. ನನಗಾಗಿ ಮೊಟ್ಟಮೊದಲು ಸುರಿದದ್ದೇ ಕುದಿಯುವ ಲೋಹ. ಸುರಿಯುವ ಕೈಗಳ ಮೇಲೆ ನನಗೆ ನಂಬಿಕೆ ಇಲ್ಲದಿರುವುದು ಅಂದಿನಿಂದ.

ಚೆನ್ನಾಜಮ್ಮ ಚೊಚ್ಚಲ ಬಾಣಂತನ ಮುಗಿಸಿ ಚನ್ನಪಟ್ಟಣದ ಗಂಡನ ಮನೆಗೆ ಹೊರಟಾಗ, ಅವಳ ತಾಯಿ ನನ್ನನ್ನು ಮಡಿಲಿಗೆ ಹಾಕಿದಳು. ಅದು ಮರದ ಗೊಂಬೆ ಕಡೆಯುವವರ ಮನೆ. ಹರಳೆಣ್ಣೆ, ಬಜೆ ತೇಯ್ದ ನೀರು, ಏನು ಸುರಿದರೂ ನಾನು ಮನಸ್ಸಿನಲ್ಲೇ ಮೂಸಿ ನೋಡುತ್ತಿದ್ದೆ.

ಚೆನ್ನಾಜಮ್ಮನ ಮಗ ನಿಂಗ ತಪ್ಪು ಹೆಜ್ಜೆ ಇಡುವ ಕಾಲಕ್ಕೆ ಅವನಿಗೆ ಭೇದಿ ಶುರುವಾಯಿತು. ಅವಳ ಅತ್ತೆ ಅಪ್ಪಣೆ ಕೊಟ್ಟಳು: "ಕುಡ್ಸಿದ್ದೆಲ್ಲ ಕೆಳೀಕೆ ಹೋಯ್ತಾ ಅದೆ. ಹೊಟ್ಟೆ ಒಣಗ್ಲಿ ಬುಡು. ತೊಟ್ಟು ನೀರೂ ಬ್ಯಾಡ." ನನ್ನನ್ನು ಗೂಡಿನಲ್ಲಿ ಬೋರಲು ಹಾಕಿದರು. ನಿಂಗ ನನ್ನತ್ತ ಕೈ ಚಾಚುತ್ತಿದ್ದ. ಅವನ ಕಣ್ಣು ಗುಳಿ ಬಿದ್ದಿದ್ದವು, ಅತ್ತರೆ ನೀರು ಬರುತ್ತಿರಲಿಲ್ಲ. ಮಗು ಉಳಿಯಲಿಲ್ಲ. ದೃಷ್ಟಿ ತಾಗಿತು ಅಂದರು. ನಾನಂತೂ ನಂಬಲಿಲ್ಲ.

ಎಷ್ಟೋ ವರ್ಷಗಳ ಮೇಲೆ, ಚೆನ್ನಾಜಮ್ಮನ ಎರಡನೇ ಮಗ ಮಾದೇಶನ ಎಂಟು ತಿಂಗಳ ಕೂಸು ಇಂಚರಳಿಗೂ ಭೇದಿ ಹಿಡಿಯಿತು. ಮಾದೇಶ ಅಂಗಡಿಯಿಂದ ಒಂದು ಬಾಟಲಿ ತಂದ. "ಕುಡಿಸುದ್ರೆ ಗಕ್ಕನೆ ನಿಂತೋಯ್ತದಂತೆ ಕಣವ್ವ."

ಗಕ್ಕನೆ ನಿಲ್ಲುವುದು ಯಾವುದು, ಭೇದಿಯೋ ಮಗುವೋ? ನನಗೆ ಅನುಮಾನ. ಅವನ ಹೆಂಡತಿ ವಿನುತಳಿಗೂ ಅನುಮಾನ. "ಡಾಕ್ಟ್ರು ಹೇಳ್ದೆ ಮಗೀಗೆ ಇಂಥದ್ನ ಕುಡಿಸ್ಬಾರ್ದು" ಎಂದು ಅವಳು ಬಾಟಲಿ ಕಿತ್ತಿಟ್ಟಳು. ಆಶಾ ಕಾರ್ಯಕರ್ತೆ ಕೊಟ್ಟಿದ್ದ ಓಆರ್‌ಎಸ್ ಪ್ಯಾಕೆಟ್ಟನ್ನು ಅತ್ತೆ ಚೆನ್ನಾಜಮ್ಮನ ಕೈಗಿತ್ತು, "ಅತ್ತೆ, ಕಾಯಿಸಿ ಆರಿಸಿದ ನೀರು ಒಂದು ಲೀಟ್ರಿಗೆ ಪೂರ್ತಿ ಪ್ಯಾಕೆಟ್ಟು" ಎಂದು ಹೇಳಿ ಕೂಸಿನ ಬಟ್ಟೆ ಒಗೆಯಲು ಹಿತ್ತಲಿಗೆ ಹೋದಳು.

"ಅಂಗೈಯಗ್ಲ ಮಗೀಗೆ ತಂಬ್ಗೆಗಟ್ಲೆ ನೀರಾ?" ಎಂದು ಚೆನ್ನಾಜಮ್ಮ ಗೊಣಗಿದಳು. ನನ್ನ ತುಂಬ ನೀರು ಹಾಕಿ ಒಂದು ಚಿಟಿಕೆ ಪುಡಿ ಕದಡಿದಳು. ಬೇಗ ಗುಣವಾಗಲೆಂದು ಇನ್ನೊಂದು ಚಿಟಿಕೆ. ಮುಂದಿನ ಒಳಲೆಗೆ ಮತ್ತೂ ಒಂದು. ನನ್ನ ಮೂತಿಯೇ ಉಪ್ಪುಪ್ಪಾಯಿತು. ಕೂಗಲು ನನಗೆ ಬಾಯಿ ಎಲ್ಲಿದೆ? ಕೂಸು ಕುಡಿಯಿತು, ವಾಂತಿ ಮಾಡಿತು, ದಾಹಕ್ಕೆ ಚೀರಿತು, ಕೊನೆಗೆ ಮಂಕಾಗಿ ಮಲಗಿತು. ಅದೇ ಗುಳಿ ಬಿದ್ದ ಕಣ್ಣು. ನನಗೆ ಭಯವಾಯಿತು.

ಹಿತ್ತಲಿನಿಂದ ಬಂದ ವಿನುತ ಕೂಸನ್ನೆತ್ತಿಕೊಂಡು ಆಟೋ ಹತ್ತಿದಳು. ಚೆನ್ನಾಜಮ್ಮ ನನ್ನನ್ನು ಹಿಡಿದೇ ಹಿಂದೆ ಹತ್ತಿದಳು. ಆಸ್ಪತ್ರೆಯಲ್ಲಿ ಡಾಕ್ಟರು ಕೂಸಿಗೆ ಡ್ರಿಪ್ ಹಾಕಿದರು. ನರ್ಸಮ್ಮ ನನ್ನ ತಳದಲ್ಲಿ ಉಳಿದಿದ್ದ ನೀರಿಗೆ ಬೆರಳದ್ದಿ ನಾಲಿಗೆಗಿಟ್ಟು ಮುಖ ಕಿವುಚಿದಳು. "ಕಣ್ಣೀರಿಗಿಂತ ಉಪ್ಪಾಗಿದೆಯಲ್ಲಮ್ಮ! ಇಷ್ಟು ಗಟ್ಟಿ ಇದ್ರೆ ಮೈಯಲ್ಲಿರೋ ನೀರನ್ನೂ ಎಳ್ಕೊಂಡು ಬಿಡುತ್ತೆ."

ಕೂಸು ಕಣ್ಣು ಬಿಟ್ಟ ಮೇಲೆ, ನರ್ಸಮ್ಮನೇ ಒಂದು ಲೀಟರ್ ನೀರು ಅಳೆದು ಇಡೀ ಪ್ಯಾಕೆಟ್ ಕಲಸಿ ಚಮಚದಲ್ಲಿ ಕುಡಿಸತೊಡಗಿದಳು. "ವಾಂತಿಯಾದ್ರೆ ಹತ್ತು ನಿಮಿಷ ಬಿಟ್ಟು ಮತ್ತೆ ನಿಧಾನಕ್ಕೆ ಕೊಡಿ. ಎದೆಹಾಲು ನಿಲ್ಲಿಸ್ಬೇಡಿ. ಕಲಸಿದ್ದು ಒಂದು ದಿನ ದಾಟಿದ್ರೆ ಚೆಲ್ಲಿ. ಭೇದಿ ನಿಂತ್ರೂ ಜಿಂಕ್ ಮಾತ್ರೆ ಎರಡು ವಾರ. ಮಗು ಮಂಕಾದ್ರೆ, ಉಚ್ಚೆ ಕಮ್ಮಿಯಾದ್ರೆ ಕಾಯದೆ ಬಂದ್ಬಿಡಿ. ಈ ಒಳಲೆ ಬೇಡ, ಮೂತಿ ಒಳಗೆ ತೊಳೆಯೋಕಾಗಲ್ಲ."

ನನ್ನ ಮೇಲೇ ಅನುಮಾನ! ಸಿಟ್ಟು ಬಂತು. ಉಪ್ಪು ಸಕ್ಕರೆಯ ನೀರು ಏನು ಮಹಾ ಮಾಡೀತು, ನೋಡೇಬಿಡೋಣ ಎಂದು ಕಾದೆ. ಮಾರನೆಯ ದಿನ ಇಂಚರ ಹಟ ಹಿಡಿದು ಅತ್ತಳು. ಕೆನ್ನೆ ತುಂಬ ಕಣ್ಣೀರು. ವಿನುತ ನಕ್ಕಳು.

ಚೆನ್ನಾಜಮ್ಮ ನಗಲಿಲ್ಲ. ನನ್ನನ್ನು ಬಿಗಿಹಿಡಿದು ನರ್ಸಮ್ಮನನ್ನು ಕೇಳಿದಳು: "ನೀರ್ ಕೊಟ್ಟಿದ್ರೆ... ಆ ಮಗ ಬದುಕ್ಕೊಳ್ಳೋದಾ ತಾಯಿ?"

"ಯಾವ ಮಗು?"

ಚೆನ್ನಾಜಮ್ಮ ಸೆರಗಿನಿಂದ ನನ್ನ ಮೂತಿ ಒರೆಸಿದಳು.

ಈಗ ನನ್ನ ವಾಸ ಕಿಟಕಿಯ ಕಟ್ಟೆಯ ಮೇಲೆ, ಇನ್ನೂ ಬಣ್ಣ ಹಚ್ಚದ ಮರದ ಗಿಲಕಿಗಳ ಪಕ್ಕ. ಚೆನ್ನಾಜಮ್ಮ ದಿನಾ ಬೆಳಿಗ್ಗೆ ನನ್ನನ್ನು ತಿಕ್ಕಿ ತೊಳೆದು, ಕಂಠಮಟ್ಟ ನೀರು ತುಂಬಿಸಿ ಇಡುತ್ತಾಳೆ. ಗುಬ್ಬಿಗಳಿಗಿರಬೇಕು ಎಂದುಕೊಂಡಿದ್ದಾಳೆ ವಿನುತ. ನನಗೆ ಗೊತ್ತು ಯಾರಿಗೆಂದು. ಈ ನೀರಿನ ಮೇಲೆ ಮಾತ್ರ ನನಗೆ ಅನುಮಾನವಿಲ್ಲ. ಸಂಜೆ ಅದನ್ನು ಗಿಡಕ್ಕೆ ಸುರಿದು ಮತ್ತೆ ತುಂಬಿಸುತ್ತಾಳೆ. ಬೋರಲು ಮಾತ್ರ ಹಾಕುವುದೇ ಇಲ್ಲ.